ಕೀ ಹಾಕಿದ ಮೇಲೆ ವಾಕಿಟಾಕಿ ಮೂಕವಾದರೆ, ಗೊರಗುಟ್ಟಿದರೆ: ಎನ್‌ಕ್ರಿಪ್ಶನ್ ದೋಷ ಹುಡುಕುವ ಬಗೆ

ಮಾತು ಹೊರಗಿನವರಿಗೆ ತಿಳಿಯದಂತೆ ಕಲಸಿ ಕಳಿಸುವುದು ಎನ್‌ಕ್ರಿಪ್ಶನ್, ಕಲಸಲೂ ಬಿಡಿಸಲೂ ಬೇಕಾದ ಗುಟ್ಟಿನ ಸಂಖ್ಯೆ ಕೀ. ಈ ಕೀ ತುಂಬಿದ ಮೇಲೆ ಕೈಕೊಟ್ಟ ವಾಕಿಟಾಕಿ ಸೆಟ್‌ಗಳ ಜೊತೆ ಮೂರು ಬಗೆಯ ದೂರು ಬರುತ್ತವೆ. "ಕೀ ಹಾಕೋಕೇ ಬಿಡ್ತಿಲ್ಲ, ಎರರ್ ತೋರಿಸ್ತಿದೆ" ಅನ್ನುವುದು ಒಂದು. "ಕೀ ಹಾಕಾಯ್ತು, ದೀಪಾನೂ ಉರಿಯುತ್ತೆ, ಸದ್ದು ಮಾತ್ರ ಇಲ್ಲ" ಅನ್ನುವುದು ಇನ್ನೊಂದು. "ಸದ್ದು ಬರುತ್ತೆ, ಆದರೆ ಬಾಯಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ, ಒಂದಕ್ಷರ ತಿಳಿಯಲ್ಲ" ಅನ್ನುವುದು ಮೂರನೆಯದು. ಮೂರರ ಕಾರಣವೂ ಬೇರೆ, ಮದ್ದೂ ಬೇರೆ. ಯಾವ ದೂರು ಎಂದು ಗೊತ್ತುಮಾಡಿಕೊಳ್ಳದೆ ಅದೇ ಕೀಯನ್ನು ಮತ್ತೆ ಮತ್ತೆ ತುಂಬುತ್ತ ಕೂತರೆ ಅರ್ಧ ದಿನ ಹೋಗುತ್ತದೆ, ಸೆಟ್ ಇದ್ದ ಹಾಗೇ ಇರುತ್ತದೆ. ದೂರೇ ಬರದ ನಾಲ್ಕನೆಯ ದೋಷ ಒಂದಿದೆ. ಅದು ಕೊನೆಯಲ್ಲಿ.

ಇಲ್ಲಿ ಹೇಳುವುದು ಮುಖ್ಯವಾಗಿ ಅಮೆರಿಕದ ಪೊಲೀಸ್, ಅಗ್ನಿಶಾಮಕ ದಳಗಳು ಬಳಸುವ ಪಿ25 ಸೆಟ್‌ಗಳಿಗೂ, ನಮ್ಮ ಕಾರ್ಖಾನೆ, ಹೋಟೆಲ್, ಭದ್ರತಾ ಸಿಬ್ಬಂದಿಯ ಕೈಯಲ್ಲಿ ಕಾಣುವ ಡಿಎಂಆರ್ ಸೆಟ್‌ಗಳಿಗೂ ಹೊಂದುತ್ತದೆ. ಎರಡೂ ಡಿಜಿಟಲ್ ರೇಡಿಯೊ ಪದ್ಧತಿಗಳು. ಕೀ ಬರೆಯುವುದು ಹೆಕ್ಸ್‌ನಲ್ಲಿ, ಅಂದರೆ 0ರಿಂದ 9, ಆಮೇಲೆ ಎಯಿಂದ ಎಫ್ ಹೀಗೆ ಹದಿನಾರು ಅಂಕಿಗಳ ಲೆಕ್ಕದಲ್ಲಿ; ಒಂದು ಅಂಕಿ ಅಂದರೆ ನಾಲ್ಕು ಬಿಟ್. ಹೆಕ್ಸ್ ಅಂಕಿಗಳ ಅಕ್ಷರಗಳನ್ನು ಎ, ಬಿ, ಸಿ, ಡಿ, ಇ, ಎಫ್ ಎಂದು ಕನ್ನಡದಲ್ಲೇ ಬರೆದಿದ್ದೇವೆ. ಸೆಟ್ಟಿನಲ್ಲೋ ಲೋಡರ್‌ನಲ್ಲೋ (ಸೆಟ್ಟಿಗೆ ಕೀ ತುಂಬುವ ಉಪಕರಣ) ಒತ್ತುವಾಗ ಇಂಗ್ಲಿಷ್ ಅಕ್ಷರ ಒತ್ತಿ. ಹ್ಯಾಮ್ (ಹವ್ಯಾಸಿ ರೇಡಿಯೊ) ಬ್ಯಾಂಡಿನಲ್ಲಿರುವವರಿಗೆ ಇದರಲ್ಲಿ ಯಾವುದೂ ಬೇಡ. ಬೇರೆ ಬೇರೆ ದೇಶಗಳ ಹ್ಯಾಮ್‌ಗಳ ನಡುವಿನ ಮಾತುಕತೆಯ ಅರ್ಥ ಮರೆಮಾಚುವಂತೆ ಸಂಕೇತ ಬಳಸುವುದಕ್ಕೆ ಅಂತರರಾಷ್ಟ್ರೀಯ ರೇಡಿಯೊ ನಿಯಮವೇ ಅಡ್ಡ ಬರುತ್ತದೆ.

ಕೀ ಮುಟ್ಟುವ ಮೊದಲು ಒಂದು ಕೆಲಸ. ಎರಡೂ ಸೆಟ್‌ಗಳನ್ನು ಅದೇ ಚಾನೆಲ್‌ನಲ್ಲಿ ಕ್ಲಿಯರ್ ಮೋಡ್‌ಗೆ, ಅಂದರೆ ಎನ್‌ಕ್ರಿಪ್ಶನ್ ಇಲ್ಲದ ಬಗೆಗೆ, ಹಾಕಿ ಮಾತಾಡಿ ನೋಡಿ. ಆಗಲೂ ಕೇಳದಿದ್ದರೆ ತಪ್ಪು ಕೀಯದ್ದಲ್ಲ. ಡಿಎಂಆರ್ ಆದರೆ ಕಲರ್ ಕೋಡ್, ಸ್ಲಾಟ್, ಗ್ರೂಪ್ ನಂಬರ್ ನೋಡಿ. ಪಿ25 ಆದರೆ ನ್ಯಾಕ್ (ಜಾಲದ ಪ್ರವೇಶ ಸಂಕೇತ) ಮತ್ತು ಟಾಕ್‌ಗ್ರೂಪ್ ನೋಡಿ. "ಕೀ ಸಮಸ್ಯೆ" ಎಂದು ಬರುವ ಸೆಟ್‌ಗಳಲ್ಲಿ ಕೆಲವು ಇಲ್ಲೇ ಮುಗಿಯುತ್ತವೆ.

ಎರರ್ ಬಂದರೆ: ಮೊದಲು ಉದ್ದ ಎಣಿಸಿ

ಒಂದೊಂದು ಬಗೆಯ ಎನ್‌ಕ್ರಿಪ್ಶನ್ನಿಗೂ ಕೀಯ ಉದ್ದ ಕಟ್ಟುನಿಟ್ಟು. ಡಿಇಎಸ್ ಆದರೆ 16 ಹೆಕ್ಸ್ ಅಂಕಿ. ಎಇಎಸ್-256 ಆದರೆ 64. ಮೊಟೊರೋಲಾದ ಎಡಿಪಿ 40 ಬಿಟ್‌ನದು, ಅಂದರೆ 10 ಅಂಕಿ. ಡಿಎಂಆರ್‌ನ ಎನ್‌ಹಾನ್ಸ್ಡ್ ಪ್ರೈವೆಸಿಯೂ 40 ಬಿಟ್, 10 ಅಂಕಿ. ಮೊಟೊರೋಲಾ ಡಿಎಂಆರ್ ಸೆಟ್‌ಗಳ ಬೇಸಿಕ್ ಪ್ರೈವೆಸಿಗೆ ಹೆಕ್ಸ್ ಬೇಡ, 1ರಿಂದ 255ರೊಳಗಿನ ಒಂದು ಸಂಖ್ಯೆ ಸಾಕು. ಹೈಟೆರಾ ಕಂಪನಿಯ ಬೇಸಿಕ್ ಎನ್‌ಕ್ರಿಪ್ಶನ್ ಕೇಳುವುದು 10, 32 ಅಥವಾ 64 ಅಂಕಿ. ಎನ್‌ಎಕ್ಸ್‌ಡಿಎನ್ ಎಂಬ ಇನ್ನೊಂದು ಡಿಜಿಟಲ್ ಪದ್ಧತಿಯ ಸ್ಕ್ರ್ಯಾಂಬ್ಲರ್ 15 ಬಿಟ್‌ನದು, ಅದಕ್ಕೆ 1ರಿಂದ 32767. ಸೊನ್ನೆ ನಡೆಯುವುದಿಲ್ಲ, ಏಕೆಂದರೆ ಸೊನ್ನೆಯಿಂದ ಹೊರಟ ಷಿಫ್ಟ್ ರಿಜಿಸ್ಟರ್ (ಬಿಟ್‌ಗಳನ್ನು ಸರಿಸುತ್ತ ಹೊಸ ಬಿಟ್ ಹುಟ್ಟಿಸುವ ಭಾಗ) ಕೊನೆತನಕ ಸೊನ್ನೆಯನ್ನೇ ಕಕ್ಕುತ್ತದೆ.

ಹೆಸರು ಒಂದೇ ಇದ್ದ ಮಾತ್ರಕ್ಕೆ ಕೆಲಸವೂ ಒಂದೇ ಅಲ್ಲ. ಒಂದು ಕಂಪನಿಯ "ಬೇಸಿಕ್" ಇನ್ನೊಂದು ಕಂಪನಿಯ "ಬೇಸಿಕ್" ಜೊತೆ ಮಾತಾಡುವುದಿಲ್ಲ. ಎರಡರಲ್ಲೂ ಕೀ ಸರಿಯಾಗಿಯೇ ಇರುತ್ತದೆ, ಮಾತು ಮಾತ್ರ ಹೊರಬೀಳುವುದಿಲ್ಲ. ಅಲ್ಲಿ ಕೀ ಹುಡುಕುತ್ತ ಕೂರಬೇಡಿ.

10 ಅಂಕಿ ಬೇಕಿರುವ ಕಡೆ 5 ಅಂಕಿ ಹಾಕಿ ಓಕೆ ಒತ್ತಿದರೆ ಕೆಲವು ಸಾಫ್ಟ್‌ವೇರ್ ಎರರ್ ಕೊಡುತ್ತವೆ. ಕೆಲವು ಸದ್ದಿಲ್ಲದೆ ಸೊನ್ನೆ ತುಂಬಿಕೊಳ್ಳುತ್ತವೆ, ಒಂದು ಎಡಕ್ಕೆ ತುಂಬಿದರೆ ಇನ್ನೊಂದು ಬಲಕ್ಕೆ. 12345 ಅನ್ನುವುದು ಒಂದರಲ್ಲಿ 0000012345 ಆಗುತ್ತದೆ, ಇನ್ನೊಂದರಲ್ಲಿ 1234500000. ಎರಡೂ ಸಾಫ್ಟ್‌ವೇರಿಗೆ ಒಪ್ಪಿಗೆಯೇ, ಸೆಟ್‌ಗಳ ನಡುವೆ ಮಾತ್ರ ಗೊರಗೊರ. ಆದ್ದರಿಂದ ಮುಂದಿನ ಸೊನ್ನೆಗಳನ್ನೂ ಸೇರಿಸಿ ಪೂರ್ತಿ ಉದ್ದ ಒತ್ತುವುದೇ ಕ್ಷೇಮ.

ಡಿಇಎಸ್ ಮತ್ತು ಬೆಸದ ಲೆಕ್ಕ

ಉದ್ದ ಸರಿಯಿದ್ದೂ ಎರರ್ ಬರುತ್ತಿದ್ದರೆ, ಅದು ಡಿಇಎಸ್ ಆಗಿದ್ದರೆ, ಹತ್ತಕ್ಕೆ ಒಂಬತ್ತು ಸಲ ಕಾರಣ ಪಾರಿಟಿ. 16 ಅಂಕಿ ಅಂದರೆ 64 ಬಿಟ್ ನಿಜ. ಆದರೆ ಡಿಇಎಸ್ ಕೆಲಸಕ್ಕೆ ಹಚ್ಚುವುದು 56 ಬಿಟ್ ಮಾತ್ರ. ಪ್ರತಿ ಎಂಟು ಬಿಟ್‌ನ ಕೊನೆಯದು ತಪಾಸಣೆಗೆ ಮೀಸಲು. ಎರಡು ಹೆಕ್ಸ್ ಅಂಕಿಯ ಪ್ರತಿ ಜೋಡಿಯಲ್ಲೂ 1ರ ಬಿಟ್‌ಗಳು ಬೆಸ ಸಂಖ್ಯೆಯಲ್ಲಿರಬೇಕು. ಒಂದು ಜೋಡಿ ಸಮವಾದರೂ ಲೋಡರ್ ಇಡೀ ಕೀಯನ್ನು ಹಿಂದಕ್ಕೆ ತಳ್ಳುತ್ತದೆ. ಕಣ್ಣುಮುಚ್ಚಿ 16 ಅಂಕಿ ಒತ್ತಿದರೆ ಎಂಟು ಜೋಡಿಯೂ ಬೆಸವಾಗಿ ಬೀಳುವ ಸಂಭವ 256ರಲ್ಲಿ ಒಂದು. ಹಾಗಾಗಿ "ಏನೋ ಒಂದು ಹಾಕು" ಎಂದು ಹೊರಟವರಿಗೆ ಎರರ್ ಬಂದರೆ ಲೋಡರ್ ಕೆಟ್ಟಿದೆ ಎಂದಲ್ಲ.

ಬಿಟ್ ಎಣಿಸುವುದು ಬೇಡ. ಹದಿನಾರು ಹೆಕ್ಸ್ ಅಂಕಿಗಳನ್ನು ಎರಡು ಗುಂಪು ಮಾಡಿಕೊಂಡು ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿ:

ಬೆಸ ಗುಂಪು: 1, 2, 4, 7, 8, ಬಿ, ಡಿ, ಇ
ಸಮ ಗುಂಪು: 0, 3, 5, 6, 9, ಎ, ಸಿ, ಎಫ್

ಒಂದು ಜೋಡಿ ಸರಿಯಾಗಬೇಕಾದರೆ ಒಂದು ಅಂಕಿ ಬೆಸ ಗುಂಪಿನದು, ಇನ್ನೊಂದು ಸಮ ಗುಂಪಿನದು ಆಗಿರಬೇಕು. ಎರಡೂ ಒಂದೇ ಗುಂಪಿನವಾದರೆ ಜೋಡಿ ಕೆಟ್ಟಿತು. ಇಷ್ಟೇ ಲೆಕ್ಕ. ಒಂದು ಕೀ ತೆಗೆದುಕೊಂಡು ನೋಡೋಣ:

3ಡಿ 58 ಎ6 71 9ಸಿ ಇ4 0ಬಿ ಎಫ್2

3 ಸಮ, ಡಿ ಬೆಸ: ಸರಿ. 5 ಸಮ, 8 ಬೆಸ: ಸರಿ. ಎ ಮತ್ತು 6 ಎರಡೂ ಸಮ: ತಪ್ಪು. 7 ಮತ್ತು 1 ಎರಡೂ ಬೆಸ: ತಪ್ಪು. 9 ಮತ್ತು ಸಿ ಎರಡೂ ಸಮ: ತಪ್ಪು. ಇ ಮತ್ತು 4 ಎರಡೂ ಬೆಸ: ತಪ್ಪು. 0ಬಿ, ಎಫ್2 ಸರಿ. ಎಂಟರಲ್ಲಿ ನಾಲ್ಕು ಕೆಟ್ಟಿವೆ.

ತಿದ್ದುವುದಕ್ಕೂ ಕ್ರಮವಿದೆ. ಜೋಡಿಯ ಎರಡನೆಯ ಅಂಕಿಯನ್ನು ಅದರ ಸಂಗಾತಿಗೆ ಬದಲಿಸಬೇಕು: 0 ಇದ್ದರೆ 1, 1 ಇದ್ದರೆ 0, ಹಾಗೆಯೇ 2 ಮತ್ತು 3, 4 ಮತ್ತು 5, 6 ಮತ್ತು 7, 8 ಮತ್ತು 9, ಎ ಮತ್ತು ಬಿ, ಸಿ ಮತ್ತು ಡಿ, ಇ ಮತ್ತು ಎಫ್. ಇದರಿಂದ ಬದಲಾಗುವುದು ತಪಾಸಣೆಯ ಬಿಟ್ ಮಾತ್ರ, ಕೆಲಸ ಮಾಡುವ 56 ಬಿಟ್ ಅಲುಗುವುದಿಲ್ಲ. ಮೇಲಿನ ಕೀ ಹೀಗಾಗುತ್ತದೆ:

3ಡಿ 58 ಎ7 70 9ಡಿ ಇ5 0ಬಿ ಎಫ್2

(ಇದನ್ನು ನಿಮ್ಮ ಸೆಟ್‌ಗಳಿಗೆ ಹಾಕಬೇಡಿ. ಬರಹದಲ್ಲಿ ಅಚ್ಚಾದ ಕೀ ಗುಟ್ಟಲ್ಲ.)

ಎರಡನೆಯ ಅಂಕಿಯನ್ನೇ ಏಕೆ ತಿದ್ದಬೇಕು ಎಂಬಲ್ಲಿ ದೊಡ್ಡ ಗೊಂದಲ ಹುಟ್ಟುತ್ತದೆ. 71 ಒಪ್ಪುತ್ತಿಲ್ಲ ಎಂದು ಒಬ್ಬ ಅದನ್ನು 70 ಮಾಡುತ್ತಾನೆ. ಇನ್ನೊಂದು ಕಚೇರಿಯಲ್ಲಿ ಕೂತವನು 61 ಮಾಡುತ್ತಾನೆ. 6 ಸಮ, 1 ಬೆಸ, ಆದ್ದರಿಂದ ಅದನ್ನೂ ಲೋಡರ್ ಒಪ್ಪುತ್ತದೆ. ಆದರೆ 61 ಮತ್ತು 71ರ ನಡುವೆ ಕೆಲಸ ಮಾಡುವ ಬಿಟ್ ಒಂದು ಬದಲಾಗಿದೆ, ಅಂದರೆ ಕೀಯೇ ಬೇರೆಯಾಯಿತು. ಇಬ್ಬರ ಲೋಡರ್‌ನಲ್ಲೂ ಎರರ್ ಇಲ್ಲ, ಇಬ್ಬರೂ "ನಂದು ಸರಿ ಇದೆ" ಅನ್ನುತ್ತಾರೆ, ಮಾತು ಗೊರಗೊರ. ಪಾರಿಟಿ ತಿದ್ದುವುದಾದರೆ ಕೀ ಹುಟ್ಟಿದ ಕಡೆಯೇ ತಿದ್ದಿ, ತಿದ್ದಿದ್ದನ್ನೇ ಎಲ್ಲರಿಗೂ ಕೊಡಬೇಕು.

ಎಲ್ಲ ಸೊನ್ನೆ, ಎಲ್ಲ ಎಫ್ ಎರಡೂ ಪಾರಿಟಿಯಲ್ಲೇ ಬೀಳುತ್ತವೆ. ಪಾರಿಟಿ ದಾಟಿಯೂ ಹಾಕಬಾರದ ಕೀಗಳು ನಾಲ್ಕಿವೆ: 01 ಎಂಟು ಸಲ; ಎಫ್ಇ ಎಂಟು ಸಲ; 1ಎಫ್ ನಾಲ್ಕು ಸಲ, ಆಮೇಲೆ 0ಇ ನಾಲ್ಕು ಸಲ; ಇ0 ನಾಲ್ಕು ಸಲ, ಆಮೇಲೆ ಎಫ್1 ನಾಲ್ಕು ಸಲ. ಇವು ಡಿಇಎಸ್‌ನ ದುರ್ಬಲ ಕೀಗಳು. ಇವುಗಳಿಂದ ಎರಡು ಸಲ ಎನ್‌ಕ್ರಿಪ್ಟ್ ಮಾಡಿದರೆ ಮೊದಲಿನದೇ ವಾಪಸ್ ಬರುತ್ತದೆ. ಪಿ25 ಬಳಸುವ ಒಎಫ್‌ಬಿ ವಿಧಾನದಲ್ಲಿ ಇದರ ಫಲ ಇನ್ನೂ ಕೆಟ್ಟದ್ದು: ಕೀಸ್ಟ್ರೀಮ್, ಅಂದರೆ ಮಾತಿನ ಜೊತೆ ಬೆರೆಸುವ ಬಿಟ್‌ಗಳ ಸಾಲು, ಎರಡೇ ಎರಡು ಬ್ಲಾಕ್‌ಗಳ ನಡುವೆ ಗಡಿಯಾರದ ಲೋಲಕದ ಹಾಗೆ ಓಲಾಡುತ್ತದೆ. ಇವಲ್ಲದೆ ಅರೆ-ದುರ್ಬಲ ಕೀಗಳು ಇನ್ನೂ ಹನ್ನೆರಡಿವೆ. ಪಾರಿಟಿ ಸರಿಯಿದ್ದ ಕೀಯನ್ನೂ ಲೋಡರ್ ಬೇಡ ಅಂದರೆ ಈ ಪಟ್ಟಿಯಲ್ಲಿದೆಯೇ ನೋಡಿ.

ಎಇಎಸ್‌ಗೆ ಪಾರಿಟಿಯೇ ಇಲ್ಲ. 64 ಅಂಕಿಯಲ್ಲಿ ಎಲ್ಲಿ ತಪ್ಪಿದರೂ ಆ ಲೆಕ್ಕ ನಿಮ್ಮನ್ನು ತಡೆಯುವುದಿಲ್ಲ. ಅದು ವರವೆಂದು ಮೊದಲಿಗೆ ಅನ್ನಿಸುತ್ತದೆ, ಎರರ್ ಬರುವುದಿಲ್ಲವಲ್ಲ. ಒಂದು ಅಂಕಿ ಹುಡುಕಲು ಅರವತ್ನಾಲ್ಕನ್ನೂ ತಡಕಾಡುವಾಗ ಹಾಗನ್ನಿಸುವುದಿಲ್ಲ.

ಪಾರಿಟಿ ಹಿಡಿಯದ ತಪ್ಪುಗಳು

ಡಿಇಎಸ್‌ನಲ್ಲೂ ಪಾರಿಟಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಒಂದೇ ಗುಂಪಿನ ಎರಡು ಅಂಕಿ ಅದಲುಬದಲಾದರೆ ಅದಕ್ಕೆ ತಿಳಿಯುವುದಿಲ್ಲ. ಮೇಲಿನ ಚೀಟಿಯನ್ನು ಮತ್ತೆ ನೋಡಿ. ಒಬ್ಬ ಓದಿ ಇನ್ನೊಬ್ಬ ಒತ್ತುವಾಗ ಕಿವಿಗೆ ಒಂದೇ ಥರ ಬೀಳುವ ಬಿ, ಡಿ, ಇ ಮೂರೂ ಬೆಸ ಗುಂಪಿನಲ್ಲೇ ಇವೆ. ಕೈಬರಹದಲ್ಲಿ ಒಂದನ್ನೊಂದು ಹೋಲುವ 1 ಮತ್ತು 7 ಕೂಡ ಅಲ್ಲೇ. ಸಣ್ಣ ಪರದೆಯಲ್ಲಿ ಕಣ್ಣಿಗೆ ಮೋಸ ಮಾಡುವ 8 ಮತ್ತು ಇಂಗ್ಲಿಷಿನ ದೊಡ್ಡ ಬಿ ಕೂಡ. ಸಮ ಗುಂಪಿನಲ್ಲಿ 0 ಮತ್ತು 6 ಹೀಗೇ ಕಾಡುತ್ತವೆ. ಜೋಡಿಯೊಳಗೆ ಅಂಕಿಗಳು ಹಿಂದುಮುಂದಾದರೆ, 3ಡಿ ಬದಲು ಡಿ3 ಬಿದ್ದರೆ, ಅದೂ ಬೆಸವಾಗಿಯೇ ಉಳಿಯುತ್ತದೆ. ಮನುಷ್ಯರು ಸಾಮಾನ್ಯವಾಗಿ ಮಾಡುವ ತಪ್ಪುಗಳೇ ಪಾರಿಟಿಯ ಕಣ್ಣು ತಪ್ಪಿಸುತ್ತವೆ ಅನ್ನಿ.

ಅದಕ್ಕೆ ಓದುವವರು ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ, ಎಕೊ, ಫಾಕ್ಸ್‌ಟ್ರಾಟ್ ಅನ್ನಲಿ. ನಾಲ್ಕು ನಾಲ್ಕು ಅಂಕಿಯ ಗುಂಪು ಮಾಡಿ ಓದಲಿ. ಒತ್ತುವವರು ತಿರುಗಿ ಹೇಳಲಿ. ಇಬ್ಬರೂ ಒಂದೇ ಕೋಣೆಯಲ್ಲಿರಲಿ. ಫೋನಿನಲ್ಲೋ ವಾಟ್ಸಾಪಿನಲ್ಲೋ ಕಳಿಸಿದ ಕೀ ಆಗಲೇ ಬೀದಿಗೆ ಬಿದ್ದ ಹಾಗೆ.

ಕೀಗಳನ್ನು ಎಕ್ಸೆಲ್ ಹಾಳೆಯಲ್ಲಿ ಇಡುವವರಿಗೆ ಒಂದು ಮಾತು. ಎಕ್ಸೆಲ್ ಕೀಯನ್ನು ಸಂಖ್ಯೆ ಎಂದುಕೊಳ್ಳುತ್ತದೆ. 0047281936 ಬರೆದರೆ ಮುಂದಿನ ಎರಡು ಸೊನ್ನೆ ನುಂಗಿ 47281936 ಮಾಡುತ್ತದೆ. 7308452ಇ11 ಎಂಬ ಕೀಯ ನಡುವಿನ ಇ ಅಕ್ಷರವನ್ನು ಹತ್ತರ ಘಾತ ಎಂದು ತಿಳಿದು 7.31ಇ+17 ಎಂದು ತೋರಿಸುತ್ತದೆ. ಅಕ್ಷರವೇ ಇಲ್ಲದ 16 ಅಂಕಿಯ ಡಿಇಎಸ್ ಕೀ ಆದರೆ 15 ಅಂಕಿ ಮಾತ್ರ ಉಳಿಸಿಕೊಂಡು ಕೊನೆಯದನ್ನು ಸೊನ್ನೆ ಮಾಡುತ್ತದೆ. ಕೊನೆಯ ಜೋಡಿಯಲ್ಲಿ ಮಾತ್ರ ಪಾರಿಟಿ ಕೆಟ್ಟಿದ್ದು, ಆ ಜೋಡಿ ಸೊನ್ನೆಯಿಂದ ಮುಗಿದರೆ ಮೊದಲು ಎಕ್ಸೆಲ್ ಮೇಲೆ ಅನುಮಾನಪಡಿ. ಸೆಲ್‌ಗಳನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟರೆ ಈ ಕಾಟವಿಲ್ಲ. ಇನ್ನು ಕಾಪಿ-ಪೇಸ್ಟ್ ಮಾಡುವವರು ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಒ ಅಕ್ಷರ, ಕೊನೆಯಲ್ಲಿ ಅಂಟಿಕೊಂಡು ಬಂದ ಸ್ಪೇಸ್ ಇವೆರಡನ್ನು ನೋಡಿಕೊಂಡರೆ ಸಾಕು.

ಮೂಕವೋ, ಗೊರಗೊರವೋ

ಕೀ ಒಳಗೆ ಹೋಯಿತು, ಮಾತು ಬರಲಿಲ್ಲ. ಇಲ್ಲಿ ಕಿವಿಯೇ ಮೀಟರ್. ಪಿ25 ಸೆಟ್ ಮಾತಿನ ಜೊತೆಗೆ, ಮಾತು ನಡೆಯುತ್ತಿರುವಷ್ಟು ಹೊತ್ತೂ, ಮೂರು ವಿಷಯಗಳನ್ನು ಬಯಲಾಗಿಯೇ ಕಳಿಸುತ್ತಿರುತ್ತದೆ: ಯಾವ ಅಲ್ಗಾರಿದಮ್ (ಎನ್‌ಕ್ರಿಪ್ಶನ್ನಿನ ಬಗೆ), ಯಾವ ಕೀ ಐಡಿ (ಕೀಗೆ ಕೊಟ್ಟ ಗುರುತಿನ ನಂಬರ್), ಮತ್ತು ಈ ಸಲದ ಆರಂಭದ ಬೀಜಸಂಖ್ಯೆ. ಕೀ ಮಾತ್ರ ಎಂದೂ ಗಾಳಿಯಲ್ಲಿ ಹೋಗುವುದಿಲ್ಲ. ಕೇಳುವ ಸೆಟ್ ಮೊದಲು ತನ್ನಲ್ಲಿ ಆ ಅಲ್ಗಾರಿದಮ್‌ನ, ಆ ಐಡಿಯ ಕೀ ಇದೆಯೇ ನೋಡುತ್ತದೆ. ಇಲ್ಲದಿದ್ದರೆ ಸ್ಪೀಕರ್ ತೆರೆಯುವುದೇ ಇಲ್ಲ. ಇದ್ದರೆ ಬಿಡಿಸಲು ಶುರುಮಾಡುತ್ತದೆ. ಐಡಿ ಹೊಂದಿ, ಕೀ ಬೇರೆ ಇದ್ದರೆ ಅದು ಸೆಟ್ಟಿಗೆ ಗೊತ್ತಾಗುವ ದಾರಿಯಿಲ್ಲ. ಬಂದ ಕಸವನ್ನೇ ಮಾತೆಂದು ನಂಬಿ ಸ್ಪೀಕರಿಗೆ ಬಿಡುತ್ತದೆ.

ಆದ್ದರಿಂದ ಮೂಕವಾಗಿದ್ದರೆ ಕೀ ಐಡಿ ಅಥವಾ ಅಲ್ಗಾರಿದಮ್ ತಪ್ಪಿದೆ. ಗೊರಗೊರ ಅಂದರೆ ಐಡಿ ಸರಿ, ಕೀಯ ಅಂಕಿ ತಪ್ಪಿದೆ. ಡಿಎಂಆರ್ ಎನ್‌ಹಾನ್ಸ್ಡ್ ಪ್ರೈವೆಸಿಗೂ ಇದೇ ನಿಯಮ. ಬೇಸಿಕ್ ಪ್ರೈವೆಸಿಯಲ್ಲಿ ಐಡಿ ಕಳಿಸುವ ಪರಿಪಾಠವೇ ಇಲ್ಲ, ಹಾಗಾಗಿ ಅಲ್ಲಿ ಕೀ ತಪ್ಪಿದರೆ ಯಾವಾಗಲೂ ಗೊರಗೊರವೇ.

ಮೂಕ ಸೆಟ್‌ಗಳಲ್ಲಿ ಹೆಚ್ಚಿನವುಗಳ ರೋಗ ದಶಮಾನ ಮತ್ತು ಹೆಕ್ಸ್ ನಡುವಿನ ಕಲಸುಮೇಲೋಗರ. ಒಂದು ಕಡೆ ಕೀ ಐಡಿಯನ್ನು ದಶಮಾನದಲ್ಲಿ 10 ಎಂದು ಹಾಕಿರುತ್ತಾರೆ, ಇನ್ನೊಂದು ಕಡೆಯ ಲೋಡರ್ ಹೆಕ್ಸ್ ಕೇಳುತ್ತದೆ, ಅಲ್ಲೂ 10 ಎಂದೇ ಒತ್ತುತ್ತಾರೆ. ಹೆಕ್ಸ್‌ನ 10 ಅಂದರೆ ದಶಮಾನದ 16. ಹಾಕಬೇಕಾದದ್ದು 000ಎ. 1ರಿಂದ 9ರವರೆಗೆ ಎರಡು ಪದ್ಧತಿಯಲ್ಲೂ ಒಂದೇ ಇರುವುದರಿಂದ ಮೊದಲ ಒಂಬತ್ತು ಕೀ ಕೆಲಸ ಮಾಡುತ್ತವೆ, ಹತ್ತನೆಯದರಿಂದ ಕೈಕೊಡುತ್ತವೆ. "ಹೋದ ವರ್ಷದವರೆಗೆ ಸರಿ ಇತ್ತು" ಎಂಬ ದೂರಿನ ಹಿಂದೆ ಕೆಲವೊಮ್ಮೆ ಇಷ್ಟೇ ಇರುತ್ತದೆ. ಇದರ ಜೊತೆ ಪಿ25ರಲ್ಲಿ ಸಿಕೆಆರ್ ಎಂಬ ಇನ್ನೊಂದು ಸಂಖ್ಯೆ ಇದೆ. ಅದು ಕೀ ಕೂರುವ ಗೂಡಿನ ನಂಬರ್, ಕೀಯ ಹೆಸರಲ್ಲ. ಮಾತಿನ ಕೀಗಳಿಗೆ 1ರಿಂದ 4095, ದಶಮಾನದಲ್ಲಿ. ಗೂಡು ಮತ್ತು ಐಡಿಯನ್ನು ಒಂದರ ಜಾಗದಲ್ಲಿ ಇನ್ನೊಂದು ಒತ್ತುವುದು ಹೊಸಬರ ಮೊದಲ ತಪ್ಪು.

ಒಂದು ಕಡೆ ಮಾತ್ರ ಕೇಳುತ್ತದೆ ಅಂದರೆ ಲೆಕ್ಕ ಇನ್ನೂ ಸುಲಭ. ಕೇಳುವಾಗ ಸೆಟ್ ತನ್ನಲ್ಲಿರುವ ಎಲ್ಲ ಕೀಗಳಲ್ಲಿ ಹುಡುಕುತ್ತದೆ. ಮಾತಾಡುವಾಗ ಮಾತ್ರ ಆ ಚಾನೆಲ್ಲಿಗೆ ಕಟ್ಟಿದ ಗೂಡಿನ ಕೀ ಒಂದನ್ನೇ ಬಳಸುತ್ತದೆ. ಯಾವ ಸೆಟ್ಟಿನ ಮಾತು ಯಾರಿಗೂ ಕೇಳುತ್ತಿಲ್ಲವೋ ಅದರ ಚಾನೆಲ್ ಸೆಟ್ಟಿಂಗ್ ತೆರೆದು ನೋಡಿ. ಬೇರೆ ಗೂಡಿಗೆ ಕಟ್ಟಿರುತ್ತಾರೆ, ಅಥವಾ ಆ ಗೂಡಿನಲ್ಲಿ ಹಳೆಯ ಕೀ ಕೂತಿರುತ್ತದೆ.

ಗೊರಗೊರ ಸೆಟ್‌ಗಳನ್ನು ಯಾವ ಲೋಡರ್‌ನಿಂದ ತುಂಬಿದ್ದು ಎಂಬುದರ ಮೇಲೆ ಗುಂಪು ಮಾಡಿ. ಒಂದು ಲೋಡರ್‌ನಿಂದ ತುಂಬಿದವು ತಮ್ಮತಮ್ಮಲ್ಲಿ ಚೆನ್ನಾಗಿ ಮಾತಾಡಿ, ಇನ್ನೊಂದರಿಂದ ತುಂಬಿದವುಗಳ ಜೊತೆ ಮಾತ್ರ ಗೊರಗುಟ್ಟಿದರೆ ಸೆಟ್‌ಗಳೆಲ್ಲ ನಿರ್ದೋಷಿಗಳು. ಎರಡು ಲೋಡರ್‌ಗಳಲ್ಲಿ ಒಂದರಲ್ಲಿ ಕೈತಪ್ಪಿದೆ. ಯಾವುದರಲ್ಲಿ ಎಂದು ಓದಿ ನೋಡಲಾಗುವುದಿಲ್ಲ. ಪಿ25 ಸೆಟ್ಟಿಗೆ ಒಳಹೋದ ಕೀ ಹೊರಬರದಂತೆಯೇ ಕಟ್ಟಿರುತ್ತಾರೆ. ಎರಡರಲ್ಲೂ ಅಳಿಸಿ, ಒಂದರಲ್ಲಿ ಒಮ್ಮೆ ಜಾಗರೂಕತೆಯಿಂದ ಒತ್ತಿ, ಅದರಿಂದಲೇ ಎಲ್ಲ ಸೆಟ್ಟಿಗೂ ತುಂಬಿ. ಸೆಟ್ ಸೆಟ್ಟಿಗೂ ಕೂತು ಒತ್ತುವುದಕ್ಕಿಂತ ಇದು ಬೇಗವೂ ಹೌದು.

ಪರೀಕ್ಷಾ ಕೀ

ಕೀಯ ಅಂಕಿ ತಪ್ಪೋ, ಸೆಟ್ಟಿಂಗ್ ತಪ್ಪೋ ಎಂದು ಬಗೆಹರಿಯದಿದ್ದರೆ ತಪ್ಪಾಗಿ ಒತ್ತಲು ಸಾಧ್ಯವೇ ಇಲ್ಲದಂಥ ಕೀ ಹಾಕಿ ನೋಡಬೇಕು:

01 23 45 67 89 ಎಬಿ ಸಿಡಿ ಇಎಫ್

ಕೀಪ್ಯಾಡಿನ ಸಾಲನ್ನೇ ಒತ್ತಿದ ಹಾಗೆ. ಬೇಕಾದರೆ ಚೀಟಿ ಹಿಡಿದು ನೋಡಿ, ಎಂಟು ಜೋಡಿಯೂ ಬೆಸ. ಎಇಎಸ್‌ಗೆ ಇದನ್ನೇ ನಾಲ್ಕು ಸಲ ಒತ್ತಿದರೆ 64 ತುಂಬುತ್ತದೆ. ಎರಡೇ ಸೆಟ್ ತೆಗೆದುಕೊಳ್ಳಿ. ಕೆಲಸದಲ್ಲಿಲ್ಲದ ಒಂದು ಗೂಡಿಗೆ, 5ರಂಥ ಒಂದಂಕಿಯ ಕೀ ಐಡಿ ಕೊಟ್ಟು ತುಂಬಿ. ಪರೀಕ್ಷಾ ಚಾನೆಲ್ಲನ್ನು ಆ ಗೂಡಿಗೆ ಕಟ್ಟಿ. ಕಡಿಮೆ ಪವರ್‌ನಲ್ಲಿ ಮಾತಾಡಿ. ಕೇಳಿಸಿದರೆ ಸೆಟ್, ಕೇಬಲ್, ಅಲ್ಗಾರಿದಮ್ ಎಲ್ಲ ಸರಿ, ನಿಜವಾದ ಕೀಯನ್ನು ಅಥವಾ ಅದರ ಐಡಿಯನ್ನು ತಪ್ಪಾಗಿ ಒತ್ತಿದ್ದೀರಿ. ಕೇಳಿಸದಿದ್ದರೆ ಅಂಕಿ ಹುಡುಕುವುದು ಬಿಟ್ಟು ಚಾನೆಲ್ ಸೆಟ್ಟಿಂಗ್ ನೋಡಿ, ಆ ಸೆಟ್ಟಿಗೆ ಆ ಅಲ್ಗಾರಿದಮ್‌ನ ಲೈಸೆನ್ಸ್ ಇದೆಯೇ ನೋಡಿ. ಪರೀಕ್ಷೆ ಮುಗಿದ ಕೂಡಲೇ ಈ ಕೀ ಅಳಿಸಿ. ಇದನ್ನು ಮರೆತು ಸೆಟ್ ಡ್ಯೂಟಿಗೆ ಕಳಿಸಿದರೆ, ಕದ್ದು ಕೇಳಬೇಕೆಂದವರು ಮೊದಲು ಹಾಕಿ ನೋಡುವ ಕೀಯೇ ಇದಾಗಿರುತ್ತದೆ.

ನಿನ್ನೆ ಸರಿಯಿದ್ದದ್ದು ಇಂದು "ಕೀ ಫೇಲ್" ಅಂದರೆ ಕೀ ತಪ್ಪಲ್ಲ, ಕೀಯೇ ಇಲ್ಲ. ಕೆಲವು ಸೆಟ್‌ಗಳು ಬ್ಯಾಟರಿ ಕಳಚಿ ಬಹಳ ಹೊತ್ತು ಇಟ್ಟರೆ ಕೀ ಮರೆಯುತ್ತವೆ. ಕೀಯನ್ನು ಕಾಯಂ ಉಳಿಸಿಕೊಳ್ಳುವ ಆಯ್ಕೆ ಸಾಫ್ಟ್‌ವೇರ್‌ನಲ್ಲಿ ಆಫ್ ಆಗಿರುತ್ತದೆ. ಶತ್ರುವಿನ ಕೈಗೆ ಸಿಗುವ ಮುನ್ನ ಕೀ ಅಳಿಸಲೆಂದೇ ಎರಡು ಬಟನ್ ಒಟ್ಟಿಗೆ ಒತ್ತುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ. ಸೊಂಟದ ಬೆಲ್ಟಿಗೆ ಸಿಕ್ಕಿಕೊಂಡು ಅವು ತಾವಾಗಿಯೇ ಒತ್ತಿಹೋಗುವುದೂ ಉಂಟು.

ದೂರೇ ಬರದ ದೋಷ

ಎಲ್ಲರಿಗೂ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿದೆ, ಆದರೆ ಒಂದು ಸೆಟ್ ಕ್ಲಿಯರ್‌ನಲ್ಲೇ ಮಾತಾಡುತ್ತಿದೆ. ಉಳಿದ ಸೆಟ್‌ಗಳು ಎನ್‌ಕ್ರಿಪ್ಟ್ ಆದದ್ದನ್ನೂ ಕ್ಲಿಯರ್ ಮಾತನ್ನೂ ಒಂದೇ ಸ್ಪೀಕರ್‌ನಲ್ಲಿ ಒಂದೇ ಥರ ಕೇಳಿಸುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. 2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಫೆಡರಲ್ ಸಂಸ್ಥೆಗಳ ಪಿ25 ಸಂಭಾಷಣೆಗಳಲ್ಲಿ ಇದನ್ನೇ ಕಂಡರು. ಗುಟ್ಟಾಗಿರಬೇಕಾದ ಮಾತು ಬಯಲಲ್ಲಿ ಹೋಗುತ್ತಿತ್ತು, ಮಾತಾಡುವವರಿಗೆ ಅದರ ಅರಿವಿರಲಿಲ್ಲ. ಸ್ವಿಚ್ಚಿನ ಮೇಲೆ ಒಂದು ಬರಿಯ ಸೊನ್ನೆ, ಒಂದು ಗೆರೆ ಹೊಡೆದ ಸೊನ್ನೆ. ಯಾವುದು ಕ್ಲಿಯರ್, ಯಾವುದು ಎನ್‌ಕ್ರಿಪ್ಟ್ ಎಂದು ನೋಡಿದವರಿಗೆ ಹೊಳೆಯುವಂತಿರಲಿಲ್ಲ ಎಂಬುದೂ ಅವರ ಆಕ್ಷೇಪಗಳಲ್ಲಿ ಒಂದು.

ಇದನ್ನು ಹಿಡಿಯಲು ಕೀ ಹಾಕದ ಒಂದು ಸೆಟ್ಟನ್ನು ಅದೇ ಚಾನೆಲ್‌ನಲ್ಲಿಟ್ಟು ಮೇಜಿನ ಮೇಲೆ ಕೂರಿಸಿ. ಎಲ್ಲ ಸೆಟ್‌ಗಳಿಂದ ಸರದಿಯಂತೆ ಮಾತಾಡಿಸಿ. ಆ ಸೆಟ್ಟಿನಲ್ಲಿ ಯಾರ ಮಾತು ಸ್ಪಷ್ಟವಾಗಿ ಕೇಳುತ್ತದೋ ಅವರ ಸೆಟ್ ತೆಗೆದಿಡಿ. ಅದರ ಚಾನೆಲ್ ಸೆಟ್ಟಿಂಗ್‌ನಲ್ಲಿ ಕ್ಲಿಯರ್/ಸೆಕ್ಯೂರ್ ಆಯ್ಕೆಯನ್ನು ಸ್ವಿಚ್ಚಿನ ಕೈಗೆ ಬಿಡದೆ ಸೆಕ್ಯೂರ್‌ಗೆ ಕಟ್ಟಿಹಾಕಿ. ಡಿಎಂಆರ್ ಆದರೆ ಆ ಚಾನೆಲ್‌ನ ಪ್ರೈವೆಸಿಯ ಟಿಕ್ ಬಿಟ್ಟುಹೋಗಿರುತ್ತದೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕ್ಲಿಯರ್ ಮಾತನ್ನು ಕೇಳಿಸಿಕೊಳ್ಳದಂತೆ ಮಾಡುವ ಆಯ್ಕೆಯೂ ಇದೆ. ಅದನ್ನು ಹಾಕಿದರೆ ಮುಂದಿನ ಸಲ ಯಾರಾದರೂ ಕ್ಲಿಯರ್‌ನಲ್ಲಿ ಮಾತಾಡಿದಾಗ "ಇವರದ್ದು ಕೇಳ್ತಿಲ್ಲ" ಎಂಬ ದೂರಾದರೂ ಬರುತ್ತದೆ.